ಒಗೆಯಬಾರದ ಸ್ಪಂಜು

ಮಕ್ಕಳ ವಾರ್ಡಿನ ಮೀನುಗಳು ಸತ್ತ ಸುದ್ದಿ ಕೊಳೆ ಬಟ್ಟೆಯ ಗಾಡಿಯ ಜೊತೆಗೇ ನೆಲಮಾಳಿಗೆಗೆ ಇಳಿಯಿತು. ಗಾಡಿ ತಳ್ಳಿಕೊಂಡು ಬಂದ ವಾರ್ಡಿನ ಆಯಾ ಚೀಲಗಳನ್ನು ಕೆಳಗಿಡುವ ಮೊದಲೇ, "ದೊಡ್ಡಕ್ಕಾ, ಹೊಸಾ ಮೀನೂ ಹೋದ್ವು. ನಿನ್ನ ಕೈಗುಣ ಕಣಕ್ಕಾ," ಎಂದಳು.

ದೊಡ್ಡಕ್ಕ ಆಗ ಒಗೆಯುವ ಯಂತ್ರದ ಬಾಗಿಲಿಗೆ ಮೊಣಕಾಲು ಕೊಟ್ಟು ಒತ್ತುತ್ತಿದ್ದಳು. ಆ ಬಾಗಿಲಿನ ಚಿಲಕ ಹಾಳಾಗಿ ಬಹಳ ಕಾಲವಾಗಿತ್ತು. ಯಾರಾದರೂ ಮೊಣಕಾಲಿನಿಂದ ಒತ್ತಿ ಹಿಡಿದರೆ ಮಾತ್ರ ಯಂತ್ರ ತಿರುಗಲು ಶುರುಮಾಡುತ್ತಿತ್ತು. ಮೇಲಿನ ಮಹಡಿಗಳಲ್ಲಿ ಮನುಷ್ಯರ ನೆರಳು ಬಿದ್ದರೆ ಸಾಕು, ಬಾಗಿಲುಗಳು ತಾವೇ ತೆರೆದುಕೊಳ್ಳುತ್ತಿದ್ದವು.

ಆಸ್ಪತ್ರೆಯ ಹಾಸು, ಹೊದಿಕೆ, ಡಾಕ್ಟರುಗಳ ಕೋಟು, ಆಪರೇಷನ್ನಿನ ಹಸಿರು ಬಟ್ಟೆ ಎಲ್ಲವೂ ಈ ಕಿಟಕಿಯಿಲ್ಲದ ಲಾಂಡ್ರಿಗೆ ಬಂದೇ ಹೋಗಬೇಕು. ಇಲ್ಲಿ ಕೆಲಸ ಮಾಡುವವರು ಆರು ಜನ ಹೆಂಗಸರು. ಕೆಳಗಿರುವವರ ಹೆಸರು ಮೇಲಿನವರಿಗೆ ಗೊತ್ತಿಲ್ಲ. 'ಲಾಂಡ್ರಿ' ಎಂದರೆ ಆರೂ ಜನ ತಿರುಗಿ ನೋಡುತ್ತಾರೆ.

ಲಾಂಡ್ರಿಗೂ ಮೀನಿಗೂ ಗಂಟು ಬಿದ್ದದ್ದು ಹೀಗೆ. ಆಸ್ಪತ್ರೆಗೆ ಹೊಸ ಮ್ಯಾನೇಜರ್ ಬಂದ. ಹೋದ ಕಡೆಯೆಲ್ಲ ಬೆರಳಿನಿಂದ ಕಿಟಕಿ, ಮೇಜು, ಮಂಚದ ಕಂಬಿ ಉಜ್ಜಿ ಆ ಬೆರಳನ್ನು ಬೆಳಕಿಗೆ ಹಿಡಿದು ನೋಡುವವನು. ಲಾಂಡ್ರಿಯವರು ಅವನಿಗೆ ಫಿನಾಯಿಲು ಎಂದು ಹೆಸರಿಟ್ಟರು. ಮಕ್ಕಳ ವಾರ್ಡಿನ ಗೋಡೆಗೆ ಒತ್ತಿ ಒಂದು ದೊಡ್ಡ ಮೀನಿನ ಟ್ಯಾಂಕು ಇತ್ತು. ಅದರ ಗಾಜಿನ ಮೂಲೆಯಲ್ಲಿ ತೆಳುವಾದ ಹಸಿರು, ಹಿಂದಿನ ಫಿಲ್ಟರ್ ಡಬ್ಬಿಯೊಳಗೆ ಕಂದುಗಟ್ಟಿದ ಸ್ಪಂಜು ಅವನ ಕಣ್ಣಿಗೆ ಬಿದ್ದವು. "ಇದೇನು ಆಸ್ಪತ್ರೆನಾ, ಚರಂಡಿನಾ? ಒಂದು ಚೂರು ಕೊಳೆ ಇರಕೂಡದು," ಎಂದು ಆಯಾಳಿಗೆ ಹೇಳಿದ. ಆಯಾ ಟ್ಯಾಂಕಿನ ನೀರನ್ನು ಪೂರ್ತಿ ಚೆಲ್ಲಿದಳು. ಡಬ್ಬಿಯೊಳಗಿದ್ದ ಪಿಂಗಾಣಿ ಚೂರುಗಳು ಯಾತಕ್ಕಿವೆಯೋ ತಿಳಿಯದೆ ಕಸಕ್ಕೆ ಸುರಿದಳು. ಸ್ಪಂಜನ್ನು ಲಾಂಡ್ರಿಗೆ ತಂದು ದೊಡ್ಡಕ್ಕನ ಕೈಗೆ ಕೊಟ್ಟಳು.

ದೊಡ್ಡಕ್ಕ ಕಲೆ ತೆಗೆಯುವುದರಲ್ಲಿ ಕೈ ಪಳಗಿದವಳು. ಒಣಗಿದ ರಕ್ತಕ್ಕೆ ತಣ್ಣೀರು, ಅಯೋಡಿನ್ನಿಗೆ ಬೇರೆ ಮದ್ದು, ವಾಂತಿಗೆ ಬೇರೆ. ಕೈಗೆ ಬಂದದ್ದು ಬೆಳ್ಳಗಾಗದೆ ಹೊರಗೆ ಹೋದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಸ್ಪಂಜನ್ನು ಬ್ಲೀಚಿನ ನೀರಿನಲ್ಲಿ ನೆನೆಹಾಕಿದಳು, ಬಿಸಿನೀರಿನಲ್ಲಿ ತಿರುಗಿಸಿದಳು, ಹಿಂಡಿದಳು. ಕಂದು ಹೋಗಿ ಒಳಗಿನಿಂದ ಆಕಾಶದ ನೀಲಿ ಹೊರಬಂತು. ಆ ಸ್ಪಂಜಿಗೆ ಅಂಥದ್ದೊಂದು ಬಣ್ಣವಿದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ತೋರಿಸಿ ಮೇಲೆ ಕಳಿಸಿದಳು.

ಆ ವಾರದಲ್ಲೇ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಟ್ಟವು. ಒಂದೊಂದಾಗಿ ಮಗುಚಿಕೊಂಡವು. ಮ್ಯಾನೇಜರ್ ಹೊಸ ಮೀನು ತರಿಸಿದ. ಈಗ ಅವೂ ಸತ್ತಿದ್ದವು.

ಆಯಾಳ ಬೆನ್ನಿಗೇ ಮ್ಯಾನೇಜರ್ ಕೆಳಗೆ ಬಂದ. ಅವನು ಲಾಂಡ್ರಿಗೆ ಕಾಲಿಟ್ಟದ್ದು ಅದೇ ಮೊದಲು. ಹಬೆಗೆ ಕನ್ನಡಕ ಮಂಜಾಗಿ ಒರೆಸಿಕೊಳ್ಳುತ್ತ ನಿಂತ.

"ಸ್ಪಂಜು ಒಗೆದೋಳು ಯಾರು?"

"ನಾನೇ ಸಾರ್," ಎಂದಳು ದೊಡ್ಡಕ್ಕ.

"ಸೋಪು ಉಳಿಸಿಬಿಟ್ಟಿದೀಯ ಅದರಲ್ಲಿ. ಮೀನು ಕೊಂದೋಳು ನೀನು."

"ನಾಲ್ಕು ಸಲ ಜಾಲಿಸಿದೀನಿ ಸಾರ್. ಕೊಳೆ ಇರಕೂಡದು ಅಂತ ನೀವೇ..."

"ಮೀನು ಸಾಯಿಸು ಅಂದಿದ್ನಾ?" ಅವನ ದನಿ ಏರಿತು. "ಆ ಟ್ಯಾಂಕು ಕೊಟ್ಟಿರೋ ಅಮ್ಮ ಮುಂದಿನ ತಿಂಗಳು ಬರ್ತಾರೆ. ಮೊಮ್ಮಗ ಆ ವಾರ್ಡಲ್ಲೇ ತೀರಿಕೊಂಡಿದ್ದು. ಅವನು ಹುಟ್ಟಿದ ದಿನ ಬಂದು ಅರ್ಧ ಗಂಟೆ ಅದರ ಮುಂದೆ ಕೂತು ಹೋಗ್ತಾರೆ. ಹೊಸ ಕಟ್ಟಡಕ್ಕೂ ಅವರೇ ಕೊಡ್ತಿರೋದು. ಅವತ್ತು ಅದರಲ್ಲಿ ಮೀನು ಓಡಾಡ್ತಿರಬೇಕು. ಇಲ್ಲಾಂದ್ರೆ ನೀನಿಲ್ಲಿ ಓಡಾಡೋದು ಬೇಡ."

ಅವನು ಹೋದ ಮೇಲೆ ದೊಡ್ಡಕ್ಕ ತನ್ನ ಕೈಗಳನ್ನು ನೋಡಿಕೊಂಡಳು. ಬ್ಲೀಚು ತಿಂದು ತಿಂದು ಉಗುರುಗಳು ಬುಡದಿಂದ ಎದ್ದಿದ್ದವು, ಬೆರಳ ಸಂದಿಗಳು ಒಡೆದಿದ್ದವು. ಕೊಟ್ಟ ಕೈಗವಸುಗಳು ಹರಿದು ಎಷ್ಟು ದಿನವಾಯಿತೆಂದು ಕೇಳಲು ಯಾರೂ ಕೆಳಗೆ ಬಂದವರಿಲ್ಲ. ಮೀನು ಸತ್ತದ್ದಕ್ಕೆ ಬಂದರು.

"ಈ ಕೈ ನೋಡಿದ್ರೆ ಯಾವ ಅಡಿಗೆಮನೆಗೆ ಸೇರಿಸ್ತಾರೆ ನನ್ನ?" ಎಂದಳು. "ಇಲ್ಲಿಂದ ಹೊರಗೆ ಹೋದ್ರೆ ಮುಗೀತು ನನ್ನ ಕತೆ."

ಇಸ್ತ್ರಿ ಮೇಜಿನಿಂದ ಮಾತು ಬಂತು. ಇಸ್ತ್ರಿ ಮಾಡುವವಳನ್ನು ಎಲ್ಲರೂ ಇಸ್ತ್ರಿ ಎಂದೇ ಕರೆಯುತ್ತಿದ್ದರು. ಅವಳ ನಾಲಿಗೆಯೂ ಅಷ್ಟೇ ಬಿಸಿ. "ಇಲ್ಲಿ ಹೊಳೆಯೋ ಟ್ಯಾಂಕಲ್ಲಿ ಮೀನು ಸಾಯ್ತವೆ. ನಮ್ಮನೇಲೊಂದು ಕೊಚ್ಚೆಗುಂಡಿ ಇದೆ, ಅದರಲ್ಲಿ ಹಾಳಾದ್ದು ಒಂದೂ ಸಾಯಲ್ಲ."

"ಯಾವುದೇ ಅದು?"

"ನಮ್ಮ ಮಾವಂದು. ಮದುವೆಯಾಗಿ ಬಂದ ದಿನದಿಂದ ಹೇಳ್ತಿದೀನಿ, ಆ ಸ್ಪಂಜು ಒಂದು ಸಲ ಕೊಡಿ, ಒಗೆದು ಕೊಡ್ತೀನಿ ಅಂತ. ಮುಟ್ಟೋಕೆ ಬಿಡಲ್ಲ. ನನಗಿಂತ ಆ ಸ್ಪಂಜಿಗೇ ಮರ್ಯಾದೆ ಜಾಸ್ತಿ ಮನೇಲಿ."

ಹೇಳಿದವಳು ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಅವಳೂ ದೊಡ್ಡಕ್ಕನೂ ಮುಖ ಮುಖ ನೋಡಿಕೊಂಡರು.

ಸಂಜೆ ಕೆಲಸ ಬಿಟ್ಟ ಕೂಡಲೇ ದೊಡ್ಡಕ್ಕ ಇಸ್ತ್ರಿಯ ಮನೆಗೆ ಹೋದಳು. ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಟಿವಿ ಇರಬೇಕಾದ ಜಾಗದಲ್ಲಿ ಟ್ಯಾಂಕು, ಮಂಚದ ಕೆಳಗೆ ಟಿವಿ. ಮಾವ ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು. ಕೂತಲ್ಲೂ ಒಂದು ಕೈ ಎತ್ತಿ ಕಿಟಕಿಯ ಸರಳು ಹಿಡಿದಿರುವ ಅಭ್ಯಾಸ ಹೋಗಿರಲಿಲ್ಲ.

"ಮಾವ, ಇವರು ನಮ್ಮ ದೊಡ್ಡಕ್ಕ. ನಿಮ್ಮ ಹತ್ರ ಒಂದು ಕೆಲಸ ಇತ್ತು," ಎಂದು ಇಸ್ತ್ರಿ ಎಂದೂ ಇಲ್ಲದ ಮೆತ್ತನೆ ದನಿಯಲ್ಲಿ ಶುರುಮಾಡಿದಳು.

"ನೀನು ಇಷ್ಟು ಮೆತ್ತಗೆ ಮಾತಾಡ್ತಿದೀಯ ಅಂದ್ರೆ ಟ್ಯಾಂಕು ಒಡೆದು ಹಾಕಿದೀಯ ಅಂತಲೇ ಅರ್ಥ," ಎಂದು ಅವನು ತಿರುಗಿ ನೋಡಿ, ಇದ್ದ ಜಾಗದಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡ.

ದೊಡ್ಡಕ್ಕ ನಡೆದದ್ದನ್ನೆಲ್ಲ ಹೇಳಿದಳು. ಬ್ಲೀಚು ಎಂಬ ಮಾತು ಬಂದ ಕೂಡಲೇ ಮುದುಕ ಕಣ್ಣು ಮುಚ್ಚಿಕೊಂಡ.

"ಡಬ್ಬಿ ಒಳಗೆ ಪಿಂಗಾಣಿ ಚೂರು ಇದ್ದುವಲ್ಲ, ಅವು?"

"ಆಯಾ ಎಸೆದಳು."

"ನೀರು?"

"ಪೂರ್ತಿ ಹೊಸದು ಹಾಕಿದ್ರು. ನಲ್ಲಿದು."

"ಮೋಟಾರು?"

"ಮಕ್ಕಳಿಗೆ ಸದ್ದಾಗುತ್ತೆ, ಕರೆಂಟು ದಂಡ ಅಂತ ರಾತ್ರಿ ಆಫ್ ಮಾಡಿಸ್ತಿದಾರೆ."

"ಸರಿ. ಇನ್ನು ಮೀನು ಬದುಕೋಕೆ ಜಾಗವೇ ಬಿಟ್ಟಿಲ್ಲ ಅವನು," ಎಂದ. "ನೋಡು ತಾಯಿ, ಮೀನು ಉಚ್ಚೆ ಹೊಯ್ಯೋದು ಎಲ್ಲಿ? ತಿಂದಿದ್ದನ್ನ ಬಿಡೋದು ಎಲ್ಲಿ? ಅದೇ ನೀರಲ್ಲಿ. ಉಸಿರಾಡೋದೂ ಅಲ್ಲೇ. ನಿಮ್ಮ ಲಾಂಡ್ರೀಲಿ ಮಕ್ಕಳ ವಾರ್ಡಿನ ಚೀಲ ಕಟ್ಟಿಟ್ಟು ಎರಡು ದಿನ ಬಿಟ್ಟು ಬಿಚ್ಚಿದ್ರೆ ಹೇಗಿರುತ್ತೆ?"

"ಕಣ್ಣು ಉರಿಯುತ್ತೆ. ಮೂಗಿಗೆ ಹೊಡೆಯುತ್ತೆ."

"ಅದೇ ಅಮೋನಿಯಾ. ಮೀನಿಗೆ ಅದು ವಿಷ. ಬಾಯಿ ಬಾಯಿ ಬಿಡೋದು ಅದಕ್ಕೇ. ಆ ವಿಷ ತಿಂದು ಜೀರ್ಣ ಮಾಡ್ಕೊಳ್ಳೋ ಬ್ಯಾಕ್ಟೀರಿಯಾ ಇರ್ತವೆ. ಸ್ಪಂಜಿನ ತೂತಲ್ಲಿ, ಪಿಂಗಾಣಿ ಚೂರಿನ ಸಂದೀಲಿ ಮನೆ ಮಾಡ್ಕೊಂಡಿರ್ತವೆ. ಒಂದು ಜಾತಿ ಅಮೋನಿಯಾ ತಿಂದು ಇನ್ನೊಂದು ವಿಷ ಮಾಡುತ್ತೆ. ಎರಡನೇ ಜಾತಿ ಅದನ್ನೂ ತಿಂದು ಅಷ್ಟೇನೂ ತೊಂದರೆ ಇಲ್ಲದ್ದು ಮಾಡುತ್ತೆ. ಅವಕ್ಕೆ ನೀರು ಹರೀತಾ ಇರಬೇಕು, ನೀರಿನ ಜೊತೆ ಗಾಳಿ ಸಿಗ್ತಾ ಇರಬೇಕು. ಮೋಟಾರು ನಿಲ್ಲಿಸಿದ್ರೆ ಉಸಿರು ಕಟ್ಟಿ ಸಾಯ್ತವೆ. ನಲ್ಲಿ ನೀರಿನ ಕ್ಲೋರಿನ್ ತಾಗಿದ್ರೂ ಸಾಯ್ತವೆ. ನೀನಂತೂ ಬ್ಲೀಚಲ್ಲೇ ಅದ್ದಿದೀಯ."

"ಬ್ಯಾಕ್ಟೀರಿಯಾ ಅಂದ್ರೆ ರೋಗ ಅಲ್ವಾ? ಆಸ್ಪತ್ರೆ ಗೋಡೆ ತುಂಬಾ ಅದನ್ನೇ ಬರೆದಿದಾರೆ."

"ಮೊಸರು ತಿನ್ನಲ್ವಾ ನೀನು? ಎಲ್ಲಾ ಬ್ಯಾಕ್ಟೀರಿಯಾನೂ ಶತ್ರು ಅಂದ್ಕೊಂಡ್ರೆ ಹಾಲು ಹಾಲಾಗೇ ಇರುತ್ತೆ, ಒಡೆಯೋವರೆಗೆ."

ದೊಡ್ಡಕ್ಕ ಟ್ಯಾಂಕಿನ ಕಡೆ ನೋಡಿದಳು. ನೀರು ತಿಳಿಯಾಗಿತ್ತು, ಕೊಳೆ ಇದ್ದದ್ದು ಹಿಂದಿನ ಡಬ್ಬಿಯಲ್ಲಿ ಮಾತ್ರ. "ಅಂದ್ರೆ," ಎಂದಳು ನಿಧಾನವಾಗಿ, "ಮೀನಿನ ಹಾಸಿಗೆ ಬಟ್ಟೆ ಒಗೆಯೋರು ಅವು."

"ಹಾಂ! ಅಷ್ಟೇ. ಹಿಂದುಗಡೆ ಕತ್ತಲಲ್ಲಿ ಇರ್ತವೆ, ಯಾರ ಕಣ್ಣಿಗೂ ಕಾಣಲ್ಲ. ಇದ್ದಾಗ ಇವೆ ಅಂತ ಗೊತ್ತಾಗಲ್ಲ. ಹೋದ್ರೆ ಮುಂದೆ ಕುಣೀತಿರೋವೆಲ್ಲ ಹೊಟ್ಟೆ ಮೇಲೆ ಮಾಡ್ಕೊಳ್ತವೆ."

ಇಸ್ತ್ರಿ ಬಾಗಿಲಿಗೆ ಒರಗಿ ನಿಂತವಳು, "ನೋಡಕ್ಕಾ, ನೀನು ಯಾರನ್ನ ಬ್ಲೀಚಲ್ಲಿ ಮುಳುಗಿಸಿದೀಯ ಅಂತ! ನಮ್ಮೋರನ್ನೇ!" ಎಂದು ಕಿಸಕ್ಕನೆ ನಕ್ಕಳು. ದೊಡ್ಡಕ್ಕನಿಗೆ ನಗು ಬರಲಿಲ್ಲ.

"ಮತ್ತೆ ಬರಲ್ವಾ ಅವು?"

"ಬರ್ತವೆ. ಖಾಲಿ ಫಿಲ್ಟರಲ್ಲಿ ತಾವಾಗೇ ಬೆಳೆಯೋಕೆ ತಿಂಗಳು, ಒಂದೂವರೆ ತಿಂಗಳು ಬೇಕು."

ಆ ಅಮ್ಮ ಬರುವುದು ಅದಕ್ಕೂ ಮೊದಲು. ಮುದುಕ ಕಿಟಕಿಯ ಸರಳು ಬಿಟ್ಟು ಎದ್ದ.

"ಹಾಲಿಟ್ಕೊಂಡು ಕಾದ್ರೆ ಮೊಸರಾಗುತ್ತಾ? ಹೆಪ್ಪು ಹಾಕಬೇಕು. ಹಳೇ ಟ್ಯಾಂಕಿನ ಸ್ಪಂಜು ಹೊಸ ಫಿಲ್ಟರಿಗೆ ಹೆಪ್ಪು. ಅಂಗಡಿಯಿಂದ ಮಾತ್ರ ತರಬೇಡಿ. ಅಲ್ಲಿ ದಿನಾ ಹೊಸ ಮೀನು, ದಿನಾ ಹೊಸ ರೋಗ."

"ಅದಕ್ಕೇ ನಿಮ್ಮ ಹತ್ರ ಬಂದಿದ್ದು ಮಾವ," ಎಂದಳು ಇಸ್ತ್ರಿ.

ಮುದುಕನ ಮುಖದಲ್ಲಿ ಹಬ್ಬಿದ ಸಂತೋಷ ನೋಡುವಂತಿತ್ತು. "ಏನು ಬೇಕು? ಬಾಯಿಬಿಟ್ಟು ಹೇಳು."

"ಸ್ಪಂಜು."

"ಯಾವ ಸ್ಪಂಜು? ಇಷ್ಟು ವರ್ಷ ಅದಕ್ಕೆ ಏನಂತಿದ್ದೆ?"

"ಕೊಳಕು ಸ್ಪಂಜು."

"ಕೊಳಕು ಬೇಕಾ ಈಗ ಸೊಸೆ ರಾಣಿಗೆ?"

"ಬೇಕು ಮಾವ. ನಿಮ್ಮ ಕೊಳಕು ನಮಗೆ ಬೇಕು. ಸಾಕಾ? ಇನ್ನೂ ಕಾಲು ಹಿಡೀಬೇಕಾ?"

"ಈ ಮಾತು ನನ್ನ ಮಗ ಬಂದ ಮೇಲೆ ಅವನ ಮುಂದೆ ಇನ್ನೊಂದು ಸಲ ಹೇಳು," ಎಂದು ಮುದುಕ ಕತ್ತರಿ ತಂದ. ಸ್ಪಂಜನ್ನು ಎತ್ತಿ ಹಿಂಡದೆ ಹಾಗೇ ಸರಿಯಾಗಿ ಅರ್ಧಕ್ಕೆ ಕತ್ತರಿಸಿದ. ಒಂದು ಅರ್ಧವನ್ನು ಮತ್ತೆ ಡಬ್ಬಿಯೊಳಗಿಟ್ಟ. "ಪೂರ್ತಿ ಕೊಟ್ರೆ ನನ್ನವು ಸಾಯ್ತವೆ. ನಾಳೆ ಬೆಳಿಗ್ಗೆವರೆಗೆ ನಿಮ್ಮದೂ ಇಲ್ಲೇ ನೀರಲ್ಲಿರಲಿ. ಈ ಟ್ಯಾಂಕಿನ ನೀರಲ್ಲೇ ಮುಳುಗಿಸಿ ತಗೊಂಡ್ಹೋಗಿ, ದಾರೀಲಿ ಮುಚ್ಚಳ ಸಡಿಲ ಇರಲಿ. ಹೋದ ತಕ್ಷಣ ಫಿಲ್ಟರಿಗೆ ಹಾಕಿ ಮೋಟಾರು ಹಾಕಬೇಕು. ನಲ್ಲಿ ನೀರನ್ನ ಬಕೆಟಲ್ಲಿ ಒಂದು ರಾತ್ರಿಯಿಡೀ ತೆರೆದಿಟ್ಟೇ ಟ್ಯಾಂಕಿಗೆ ಸುರೀಬೇಕು. ಮೊದಲು ಮೂರು ಮೀನು. ಟ್ಯಾಂಕು ತುಂಬಾ ಜನ ಹತ್ತಿಸಬೇಡಿ."

ದೊಡ್ಡಕ್ಕ ಫೋನು ಮಾಡಿ ಹೇಳಿದ ಮೇಲೆ ಆಯಾ ಅವತ್ತೇ ರಾತ್ರಿ ಟ್ಯಾಂಕಿನ ನೀರು ಚೆಲ್ಲಿ ಬಕೆಟುಗಳಲ್ಲಿ ನೀರು ತುಂಬಿಟ್ಟಳು; ಪಿಂಗಾಣಿ ಚೂರು ಎಸೆದದ್ದಕ್ಕೆ ಅವಳಿಗೂ ಒಳಗೇ ಕಸಿವಿಸಿಯಾಗಿತ್ತು. ಮರುದಿನ ಬೆಳಿಗ್ಗೆ ಇಸ್ತ್ರಿ ಊಟದ ಡಬ್ಬಿಯಲ್ಲಿ ಊಟದ ಬದಲು ಸ್ಪಂಜು ತಂದಳು. ಬಸ್ಸಿನಲ್ಲಿ ಪಕ್ಕದವರ ಸೀರೆಗೆ ನೀರು ತುಳುಕಿ ಅವರಿಂದ ಬೈಸಿಕೊಂಡು ಬಂದಿದ್ದಳು. ದೊಡ್ಡಕ್ಕ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಮೇಲೆ ಹೊರಡುವಷ್ಟರಲ್ಲಿ ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದ. ಬಕೆಟುಗಳು ಯಾಕೆಂದು ವಾರ್ಡಿನಲ್ಲಿ ಕೇಳಿ ತಿಳಿದುಕೊಂಡೇ ಬಂದಿದ್ದ.

"ತೋರಿಸು ಏನದು."

ದೊಡ್ಡಕ್ಕ ಮುಚ್ಚಳ ತೆಗೆದಳು. ಕಂದು ನೀರು, ಅದರಲ್ಲಿ ಲೋಳೆಗಟ್ಟಿದ ಕಂದು ಸ್ಪಂಜು. ಅವನು ಮೂಗಿಗೆ ಕರವಸ್ತ್ರ ಹಿಡಿದ.

"ಯಾರದೋ ಮನೆ ಕೊಳಚೆ ತಂದು ಮಕ್ಕಳ ವಾರ್ಡಿಗೆ ಹಾಕ್ತೀರಾ?"

ದೊಡ್ಡಕ್ಕ ಮುದುಕ ಹೇಳಿದ್ದನ್ನು ಹೇಳಲು ಹೋದಳು. ಅಮೋನಿಯಾ ಎಂಬ ಮಾತು ನಾಲಿಗೆಯಲ್ಲಿ ತೊಡರಿತು, ಎರಡು ಜಾತಿಗಳು ಹಿಂದುಮುಂದಾದವು. ಹೆಪ್ಪು ಎಂದಳು. ಅವನು ಕೈ ಅಡ್ಡ ಹಿಡಿದ.

"ಕತೆ ಬೇಡ. ಹಾಕೋದಾದ್ರೆ ಮೊದಲು ಇದನ್ನ ಒಗೆ. ನನ್ನ ಕಣ್ಣ ಮುಂದೆ ಒಗೆ. ಬ್ಲೀಚ್ ಹಾಕಿ."

ಬ್ಲೀಚಿನ ಡ್ರಮ್ಮು ದೊಡ್ಡಕ್ಕನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಇಷ್ಟು ವರ್ಷಗಳಲ್ಲಿ ಒಗೆ ಎಂದದ್ದನ್ನೆಲ್ಲ ಅವಳು ಒಗೆದಿದ್ದಳು. ಬಟ್ಟೆ ಯಾರದು, ಕಲೆ ಯಾತರದು, ಯಾವ ರೋಗದ್ದು ಎಂದು ಕೇಳಿದವಳಲ್ಲ. ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

"ಒಗೆಯಲ್ಲ ಸಾರ್."

"ಏನಂದೆ?"

"ಇದನ್ನ ಒಗೆಯಲ್ಲ."

"ಹಾಗಾದ್ರೆ ಈಗಲೇ ಹೊರಡು."

ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಟಕ್ಕೆಂದು ಆಫ್ ಆಯಿತು. ಮುಂಚೆ ಮಾತಾಡಿಕೊಂಡದ್ದೇನೂ ಇರಲಿಲ್ಲ. ಒಣಗಿಸುವ ಯಂತ್ರದ ಹತ್ತಿರವಿದ್ದವಳು ಅದನ್ನು ನಿಲ್ಲಿಸಿದಳು. ಮಡಿಚುವ ಮೇಜಿನವರಿಬ್ಬರು ಅರ್ಧ ಮಡಿಚಿದ ಹಾಸನ್ನು ಹಾಗೇ ಬಿಟ್ಟು ಕೈಕಟ್ಟಿದರು. ಕೊನೆಗೆ ಒಗೆಯುವ ಯಂತ್ರದ ಬಳಿಯಿದ್ದವಳೂ ಅದನ್ನು ನಿಲ್ಲಿಸಿದಾಗ ಕೊಳವೆಗಳಲ್ಲಿ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು. ಆ ಕೋಣೆಯಲ್ಲಿ ಅಂಥ ಸದ್ದೊಂದಿದೆ ಎಂದು ಅವರಿಗೂ ಆಗಲೇ ತಿಳಿದದ್ದು.

"ಏನಿದು? ಮೀನಿಗೋಸ್ಕರ ಸ್ಟ್ರೈಕಾ?" ಮ್ಯಾನೇಜರ್ ನಗಲು ನೋಡಿದ.

"ಮೀನಿಗಲ್ಲ ಸಾರ್," ಎಂದಳು ಇಸ್ತ್ರಿ. "ನೀವು ಒಗೆ ಅಂದ್ರೆ ಒಗೆದಳು. ಸತ್ತಾಗ ಕೊಂದೆ ಅಂದ್ರಿ. ಬದುಕಿಸ್ತೀನಿ ಅಂದ್ರೆ ಮತ್ತೆ ಒಗೆ ಅಂತೀರಿ. ಸತ್ತ ಮೇಲೆ ಮತ್ತೆ ಅವಳ ತಲೆಗೇ ಕಟ್ತೀರಿ. ಈ ಬಟ್ಟೆ ನಾವು ಒಗೆಯಲ್ಲ."

"ಹೊರಗೆ ನೂರು ಜನ ಕಾಯ್ತಿದಾರೆ ನಿಮ್ಮ ಕೆಲಸಕ್ಕೆ."

"ಕರೀರಿ. ಆ ಯಂತ್ರದ ಬಾಗಿಲು ಹೇಗೆ ಮುಚ್ಚೋದು ಅಂತ ನೀವೇ ಹೇಳಿಕೊಡಿ ಅವರಿಗೆ."

ಮ್ಯಾನೇಜರ್ ಯಂತ್ರದ ಕಡೆ ನೋಡಿದ. ಅದರ ಬಾಗಿಲನ್ನು ಯಾರೂ ಒತ್ತಿ ಹಿಡಿದಿರಲಿಲ್ಲ, ಜೋತುಬಿದ್ದಿತ್ತು.

ಗೋಡೆಯ ಫೋನು ಹೊಡೆದುಕೊಂಡಿತು. ಯಾರೂ ಎತ್ತಲಿಲ್ಲ. ಮತ್ತೆ ಹೊಡೆದುಕೊಂಡಿತು. ಹೊಡೆದುಕೊಂಡು ಸಾಕಾದ ಮೇಲೆ ಮಕ್ಕಳ ವಾರ್ಡಿನ ಹಿರಿಯ ನರ್ಸೇ ಮೆಟ್ಟಿಲಿಳಿದು ಬಂದಳು. "ಹಾಸು ಎಲ್ರೇ? ಎರಡು ಮಕ್ಕಳನ್ನ ಬರೀ ರಬ್ಬರು ಶೀಟಿನ ಮೇಲೆ ಮಲಗಿಸಿದೀನಿ. ಆಪರೇಷನ್ ಕೋಣೆಯವರೂ ಕೂಗಾಡ್ತಿದಾರೆ," ಎನ್ನುತ್ತ ಒಳಗೆ ಬಂದವಳು ನಿಂತ ಯಂತ್ರಗಳನ್ನು, ಮ್ಯಾನೇಜರನ್ನು, ಡಬ್ಬಿಯನ್ನು ನೋಡಿದಳು.

"ಈ ಕೊಳಚೇನ ನಿಮ್ಮ ವಾರ್ಡಿಗೆ ಹಾಕ್ತಾರಂತೆ ಸಿಸ್ಟರ್. ಮಕ್ಕಳಿಗೆ ಏನಾದ್ರೂ ಆದ್ರೆ?" ಎಂದ ಅವನು.

"ಹಳೇ ಸ್ಪಂಜೂ ಹೀಗೇ ಇತ್ತಲ್ಲ ಸಾರ್, ಇಷ್ಟು ವರ್ಷ. ಟ್ಯಾಂಕಿಗೆ ಮುಚ್ಚಳ ಇದೆ, ಬೀಗ ಇದೆ. ಯಾವ ಮಗೂನೂ ಆ ನೀರು ಮುಟ್ಟಲ್ಲ. ಹಾಕಿದೋರು ಆಮೇಲೆ ಕೈ ತೊಳ್ಕೊಂಡ್ರಾಯ್ತು." ಅವಳಿಗೆ ಬೇಕಾದದ್ದು ಹಾಸು. "ಬೇಗ ಏನಾದ್ರೂ ಒಂದು ಹೇಳಿ."

ಮ್ಯಾನೇಜರ್ ಕನ್ನಡಕ ಒರೆಸಿಕೊಂಡ. ಈ ಸಲ ಅದರ ಮೇಲೆ ಹಬೆ ಇರಲಿಲ್ಲ. "ಹಾಕಿ," ಎಂದ. "ಸತ್ತರೆ ಒಬ್ಬಳಲ್ಲ, ಎಲ್ಲರೂ ಮನೆಗೆ."

"ಆಗಲಿ ಸಾರ್," ಎಂದಳು ಇಸ್ತ್ರಿ. "ಇಷ್ಟು ದಿನ ಒಬ್ಬಳನ್ನ ಹೆದರಿಸ್ತಿದ್ರಿ."

ದೊಡ್ಡಕ್ಕ ಸ್ಪಂಜನ್ನು ಕೊಂಡುಹೋಗಿ ಫಿಲ್ಟರ್ ಡಬ್ಬಿಯಲ್ಲಿ ನೀರು ಮೊದಲು ಬೀಳುವ ಜಾಗಕ್ಕೆ ತನ್ನ ನೀಲಿ ಸ್ಪಂಜನ್ನೂ ಅದಕ್ಕೆ ಒತ್ತಿ ಹಿಂದೆ ಮುದುಕನ ಕಂದು ಸ್ಪಂಜನ್ನೂ ಇಟ್ಟಳು. ದೊಡ್ಡ ಕಸ ನೀಲಿಯಲ್ಲಿ ನಿಲ್ಲಬೇಕು, ಕಂದಿನ ತೂತುಗಳು ಕಟ್ಟಬಾರದು. ಬಕೆಟಿನ ನೀರು ಸುರಿದು ಮೋಟಾರು ಹಾಕಿ ಅದರ ಸ್ವಿಚ್ಚಿನ ಮೇಲೆ ಅಡ್ಡಡ್ಡ ಪ್ಲಾಸ್ಟರು ಅಂಟಿಸಿದಳು. ಅಂದೇ ಮೂರು ಮೀನು ಬಿಟ್ಟರು. ರಾತ್ರಿಪಾಳಿಯ ನರ್ಸಿಗೆ ಸದ್ದು ಕಿರಿಕಿರಿಯಾದರೂ ಪ್ಲಾಸ್ಟರನ್ನು ಯಾರೂ ಕೀಳಲಿಲ್ಲ.

ಮೊದಲ ದಿನಗಳು ಕೆಟ್ಟವಾಗಿದ್ದವು. ಒಂದು ಮೀನು ಮೂಲೆಗೆ ಸೇರಿ ರೆಕ್ಕೆ ಮುದುಡಿಕೊಂಡಿತು. ಗಾಡಿಯ ಜೊತೆ ಆಯಾ ಬಂದಾಗಲೆಲ್ಲ ಆರೂ ಜನ ಅವಳ ಮುಖ ನೋಡುತ್ತಿದ್ದರು. ಅವಳು ಹೆಬ್ಬೆರಳು ಎತ್ತಿದರೆ ಕೆಲಸ ಮುಂದುವರಿಯುತ್ತಿತ್ತು. ಮುದುಕ ಹೇಳಿದಂತೆ ಊಟ ಚಿಟಿಕೆಯಷ್ಟೇ ಹಾಕಿದರು. ಆ ಮೀನು ಮೂಲೆ ಬಿಟ್ಟು ಹೊರಗೆ ಬಂತು. ನೀಲಿ ಸ್ಪಂಜಿನ ಅಂಚಿನಲ್ಲಿ ಕಂದು ಹರಡತೊಡಗಿತು. ತಾನು ಬೆಳ್ಳಗೆ ಮಾಡಿದ್ದೊಂದು ಮತ್ತೆ ಕಂದಾಗುವುದನ್ನು ನೋಡಿ ದೊಡ್ಡಕ್ಕನಿಗೆ ಹೊಟ್ಟೆ ತಣ್ಣಗಾದದ್ದು ಜನ್ಮದಲ್ಲಿ ಅದೇ ಮೊದಲು. ಆಮೇಲೆ ಇನ್ನೆರಡು ಮೀನು ಬಿಟ್ಟರು.

ಆ ಅಮ್ಮ ಬಂದ ದಿನ ದೊಡ್ಡಕ್ಕ ಬೇಕೆಂದೇ ಒಗೆದ ಬಟ್ಟೆಯ ಗಾಡಿ ತಳ್ಳಿಕೊಂಡು ವಾರ್ಡಿಗೆ ಹೋದಳು. ಬಿಳಿ ಕೂದಲಿನ ತೆಳ್ಳನೆಯ ಹೆಂಗಸು ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಐದು ಮೀನು ಓಡಾಡುತ್ತಿದ್ದವು. ಮ್ಯಾನೇಜರ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

"ಈ ಸಲ ಮೀನು ಕಮ್ಮಿ ಅನ್ಸುತ್ತೆ," ಎಂದಳು ಅವಳು. "ಹಿಂದುಗಡೆ ಅದೇನದು ಕಂದು?"

"ಸಾರಿ ಮೇಡಂ. ನಾಳೆನೇ ಪೂರ್ತಿ ಕ್ಲೀನ್ ಮಾಡಿಸ್ತೀನಿ," ಎಂದ ಮ್ಯಾನೇಜರ್, ಯೋಚನೆಯನ್ನೇ ಮಾಡದೆ.

"ಬೇಡ," ಎಂದಳು ದೊಡ್ಡಕ್ಕ ಗಾಡಿಯ ಹಿಂದಿನಿಂದ. ಇಬ್ಬರೂ ತಿರುಗಿದರು. "ಬೇಡಮ್ಮಾ. ಅದನ್ನ ಒಗೆಯಲ್ಲ."

"ನೀವು ಯಾರು?"

"ಕೆಳಗೆ ಬಟ್ಟೆ ಒಗೆಯೋಳು."

ಆ ಹೆಂಗಸು ಅವಳ ಮುಖ ನೋಡಿದಳು, ಗಾಡಿಯ ಹಿಡಿಯ ಮೇಲಿದ್ದ ಕೈಗಳನ್ನು ನೋಡಿದಳು. ಕೈಗಳ ಮೇಲೆ ನೋಟ ಸ್ವಲ್ಪ ಹೊತ್ತು ನಿಂತಿತು. "ಒಗೆಯೋರೇ ಬೇಡ ಅಂದ ಮೇಲೆ ಮುಗೀತಲ್ಲ," ಎಂದಳು. ಆಮೇಲೆ ಮೀನುಗಳ ಕಡೆ ತಿರುಗಿದಳು. ಅವಳು ಬಂದದ್ದು ಅದಕ್ಕೇ.

ದೊಡ್ಡಕ್ಕ ಹಾಸುಗಳನ್ನು ಇಳಿಸಿ, ಕೊಳೆ ಚೀಲಗಳನ್ನು ಏರಿಸಿಕೊಂಡು ಕೆಳಗೆ ಬಂದಳು. ಐವರೂ ಕೆಲಸ ಬಿಟ್ಟು ನಿಂತಿದ್ದರು. ಅವಳು ಹೆಬ್ಬೆರಳು ಎತ್ತಿದಳು.

"ಎಲ್ಲರೂ ಉಳಿದ್ವಾ?" ಎಂದಳು ಇಸ್ತ್ರಿ.

"ಐದೂ. ನಾವು ಆರೂ."

ಚೀಲ ಬಿಚ್ಚಿ ಬಟ್ಟೆಯನ್ನು ಯಂತ್ರಕ್ಕೆ ತುಂಬಿದಳು. ಬಾಗಿಲಿಗೆ ಮೊಣಕಾಲು ಕೊಡಲು ಹೋದವಳು ತಡೆದು ನಿಂತು, ಮೊಣಕಾಲನ್ನು ಕೆಳಗಿಳಿಸಿ, ಬಾಗಿಲನ್ನು ಹಾಗೇ ತೆರೆದಿಟ್ಟು ಗೋಡೆಯ ಫೋನಿನ ಕಡೆ ನಡೆದಳು.

"ಯಾರಿಗಕ್ಕಾ?"

"ಫಿನಾಯಿಲಿಗೆ. ಚಿಲಕ ಹಾಕಿಸ್ಲಿ, ಆಮೇಲೆ ಒಗೆಯೋಣ."